ಸೆಕೆಂಡ್ ಹ್ಯಾಂಡ್ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ ತಗೋಬೇಕಾ ಬೇಡ್ವಾ: ದುಡ್ಡು ಕಟ್ಟೋಕೆ ಮುಂಚೆ ನೋಡ್ಬೇಕಾದ್ದೆಲ್ಲ

ಹೋದ ವಾರ ನಮ್ಮ ಭಾವ ಬೆಂಗಳೂರಿಂದ ಫೋನ್ ಮಾಡಿದ್ರು, 2019ರ ಮಾಡೆಲ್ ಆಟೋಮ್ಯಾಟಿಕ್ ಕಾರು ನೋಡಿದೀವಿ, ರೇಟೂ ಕುದುರಿದೆ, ಈಗ ಸೈನ್ ಹಾಕೋ ಹೊತ್ತಿಗೆ ಅಲ್ಲಿನ ಹುಡುಗ 16,500 ರೂಪಾಯಿ ಪ್ಲಸ್ ಜಿಎಸ್‌ಟಿ, ಒಟ್ಟು 19,470 ಕಟ್ಟಿ ಒಂದು ವರ್ಷದ ಎಕ್ಸ್‌ಟೆಂಡೆಡ್ ವಾರಂಟಿ (ಕಂಪನಿ ವಾರಂಟಿ ಮುಗಿದ ಮೇಲೂ ರಿಪೇರಿ ಖರ್ಚು ಕೊಡೋ ಕರಾರು) ಹಾಕ್ಸಿ ಸಾರ್, ಇಂಜಿನ್ನು ಗೇರ್‌ಬಾಕ್ಸು ಎಲ್ಲ ಕವರ್ ಆಗತ್ತೆ, ಆದ್ರೆ ಇವತ್ತೇ ಹೇಳ್ಬೇಕು ಅಂತಿದಾನೆ, ಏನ್ ಮಾಡ್ಲಿ ಅಂತ. ನಾನು ಹೇಳಿದ್ದಿಷ್ಟೇ, ಆ ವಾರಂಟಿಯ ಕಂಡೀಷನ್ ಪೂರ್ತಿ ಇರೋ ಪಿಡಿಎಫ್ ವಾಟ್ಸಾಪಿಗೆ ಕಳ್ಸೋಕೆ ಹೇಳಿ, ಓದೋವರೆಗೂ ಹೂಂ ಅನ್ಬೇಡಿ. ಮೊದಲು ಬಂದಿದ್ದು ಬಣ್ಣದ ಎರಡು ಪೇಜು. ಮತ್ತೆ ಒತ್ತಾಯ ಮಾಡಿ ಕೇಳಿದ್ಮೇಲೆ 14 ಪೇಜು ಬಂತು. ಎರಡಕ್ಕೂ ಅಜಗಜಾಂತರ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ, ನನಗೆ ಇದ್ರಲ್ಲಿ ಒಂದ್ಸಲ ಚೆನ್ನಾಗೇ ಪೆಟ್ಟು ಬಿದ್ದಿದೆ. ಕೆಲವು ವರ್ಷದ ಹಿಂದೆ ತಗೊಂಡ ಸೆಕೆಂಡ್ ಹ್ಯಾಂಡ್ ಕಾರಿಗೆ 22,000 ಕೊಟ್ಟು ಎರಡು ವರ್ಷದ ವಾರಂಟಿ ಹಾಕ್ಸಿದ್ದೆ. ಗಾಡಿ ಓಡ್ತಿದ್ದಿದ್ದು ಕಮ್ಮಿ, ವರ್ಷಕ್ಕೆ 6,000 ಕಿ.ಮೀ. ಆಗ್ತಿರ್ಲಿಲ್ಲ, ಹಾಗಾಗಿ ಆಯಿಲ್ ಚೇಂಜಿಗೆ ಏನವಸರ ಅಂತ ಒಂದೂವರೆ ತಿಂಗಳು ತಡ ಮಾಡ್ದೆ. ಅದಾದ ಮೇಲೆ ಏಪ್ರಿಲ್ ಬಿಸಿಲಲ್ಲಿ ಎಸಿ ಕಂಪ್ರೆಸರ್ ಕೂತ್ಕೊಳ್ತು. ಎಸ್ಟಿಮೇಟ್ 27,800. ಕ್ಲೈಮ್ ರಿಜೆಕ್ಟ್. ಎಸಿ ಕಂಪ್ರೆಸರಿಗೂ ಇಂಜಿನ್ ಆಯಿಲಿಗೂ ಏನು ಸಂಬಂಧ ಅಂತ ಕೇಳ್ದೆ, ಸಂಬಂಧ ಇರ್ಲಿ ಬಿಡ್ಲಿ, 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಆಗ ಸರ್ವೀಸ್ ಆಗಿರ್ಬೇಕು, ತಪ್ಪಿದ್ರೆ ಪೂರ್ತಿ ವಾರಂಟಿ ಹೋಯ್ತು ಅಂತ ಕಂಡೀಷನ್ನಲ್ಲಿದೆ ಅಂದ್ರು. ಮನೆಗೆ ಬಂದು ತೆಗೆದು ನೋಡಿದ್ರೆ ನಿಜವಾಗ್ಲೂ ಇತ್ತು. ಅವತ್ತಿಂದ ನನಗೆ ಅರ್ಥ ಆಗಿರೋದು ಏನಂದ್ರೆ ಈ ವಾರಂಟಿ ನಿಂತಿರೋದು ಗಾಡಿಯ ಸರ್ವೀಸ್ ಬಿಲ್ಲುಗಳ ಮೇಲೆ, ಬಿಲ್ ಸರಿ ಇದ್ರೆ ವಾರಂಟಿ ಇದೆ, ಇಲ್ಲಾಂದ್ರೆ ನೀವು ಕೊಟ್ಟಿದ್ದು ಬರೀ ದುಡ್ಡು. ಕೆಳಗಿರೋದೆಲ್ಲ ಇದೇ ಲೆಕ್ಕದಲ್ಲಿ ಬರ್ದಿದೀನಿ, ಇದೇ ಆರ್ಡರಲ್ಲಿ ಮಾಡ್ಕೊಂಡು ಹೋಗಿ.

1. ಕಂಪನಿ ವಾರಂಟಿ ಇನ್ನೂ ಉಳಿದಿದ್ಯಾ ನೋಡಿ

ತುಂಬಾ ಜನ ಇದನ್ನ ನೋಡೋದೇ ಇಲ್ಲ. ವಾರಂಟಿ ಲೆಕ್ಕ ಶುರುವಾಗೋದು ಗಾಡಿ ತಯಾರಾದ ದಿನದಿಂದ ಅಲ್ಲ, ನೀವು ತಗೊಂಡ ದಿನದಿಂದಾನೂ ಅಲ್ಲ, ಮೊದಲನೇ ಓನರ್ ಕೈಗೆ ಡೆಲಿವರಿ ಆದ ದಿನದಿಂದ. ಮಾರುತಿಯವ್ರು ಮೊದಲು 2 ವರ್ಷ ಅಥವಾ 40,000 ಕಿ.ಮೀ. ಕೊಡ್ತಿದ್ರು, 2024ರ ಜುಲೈ 9ರಿಂದ ಡೆಲಿವರಿ ಆದ ಗಾಡಿಗಳಿಗೆ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಮಾಡಿದ್ರು. ಅಂದ್ರೆ 2024ರ ಜೂನಲ್ಲಿ ಡೆಲಿವರಿ ಆದ ಗಾಡಿಗೂ ಅದೇ ವರ್ಷ ಆಗಸ್ಟಲ್ಲಿ ಡೆಲಿವರಿ ಆದ ಗಾಡಿಗೂ, ಮಾಡೆಲ್ ಒಂದೇ ಬಣ್ಣ ಒಂದೇ ಆದ್ರೂ, ವಾರಂಟಿಯಲ್ಲಿ ಒಂದು ವರ್ಷ ವ್ಯತ್ಯಾಸ. ಇದು ಮಾರೋವ್ರಿಗೇ ಎಷ್ಟೋ ಸಲ ಗೊತ್ತಿರಲ್ಲ. ಟೊಯೋಟಾ 3 ವರ್ಷ 1 ಲಕ್ಷ ಕಿ.ಮೀ., ಹೋಂಡಾ 3 ವರ್ಷ ಕಿ.ಮೀ. ಲಿಮಿಟ್ ಇಲ್ದೆ, ಹೀಗೆ ಒಂದೊಂದು ಕಂಪನಿದು ಒಂದೊಂದು ಥರ.

ಇನ್ನೂ ಕಂಪನಿ ವಾರಂಟಿ ಉಳಿದಿದ್ರೆ ಡೀಲರ್ ಕೊಡೋ ಬೇರೆ ವಾರಂಟಿ ಬಗ್ಗೆ ತಲೆನೇ ಕೆಡಿಸ್ಕೋಬೇಡಿ, ಸೀದಾ ಕಂಪನಿಯ ಸರ್ವೀಸ್ ಸೆಂಟರಿಗೆ ಹೋಗಿ ಇದಕ್ಕೆ ನಿಮ್ಮದೇ ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ತೀರಾ, ಎಷ್ಟು ವರ್ಷ, ಎಷ್ಟು ರೇಟು ಅಂತ ಕೇಳಿ. ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯೋಕೆ ಮುಂಚೆ ಕೇಳಿದ್ರೇ ಸುಲಭ, ಮುಗಿದ ಮೇಲೆ ಬಾಗಿಲು ಹಾಕ್ಬಿಡ್ತಾರೆ ಅಥವಾ ಇನ್ಸ್‌ಪೆಕ್ಷನ್ ಮಾಡಿ ಜಾಸ್ತಿ ರೇಟ್ ಹೇಳ್ತಾರೆ. ಹೋಂಡಾದವ್ರು 2020ರಲ್ಲಿ ಎನಿಟೈಮ್ ವಾರಂಟಿ ಅಂತ ಒಂದು ತಂದ್ರು, ಅದು ಮೊದಲೇ ವಾರಂಟಿ ಹಾಕಿಸ್ದೆ ಬಿಟ್ಟವ್ರಿಗೂ ಸಿಗೋ ಥರದ್ದು, ಆದ್ರೆ ಎಲ್ಲರೂ ಹಾಗೆ ಕೊಡಲ್ಲ. ಹಿಂದಿನ ಓನರ್ ಆಗ್ಲೇ ಎಕ್ಸ್‌ಟೆಂಡೆಡ್ ವಾರಂಟಿ ಹಾಕಿಸಿದ್ರೆ ಆ ಸರ್ಟಿಫಿಕೇಟ್ ಇಸ್ಕೊಳಿ, ನಿಮ್ಮ ಹೆಸರಿಗೆ ಟ್ರಾನ್ಸ್‌ಫರ್ ಆಗತ್ತಾ, ಅದಕ್ಕೆ ಎಷ್ಟು ದಿನದೊಳಗೆ ಅರ್ಜಿ ಕೊಡ್ಬೇಕು, ಫೀಸ್ ಇದ್ಯಾ ಅಂತ ಕೇಳಿ. ಆರ್‌ಸಿ ನಿಮ್ಮ ಹೆಸರಿಗೆ ಬಂತು ಅಂದ ಮಾತ್ರಕ್ಕೆ ವಾರಂಟಿ ತಾನಾಗೇ ಬರಲ್ಲ.

ಎಲೆಕ್ಟ್ರಿಕ್ ಗಾಡಿ ತಗೊಳೋರು ಇಲ್ಲಿ ಇನ್ನೊಂಚೂರು ಎಚ್ಚರವಾಗಿರ್ಬೇಕು. ಎಂಜಿ ವಿಂಡ್ಸರ್ 2024ರಲ್ಲಿ ಬಂದಾಗ ಬ್ಯಾಟರಿಗೆ ಲೈಫ್‌ಟೈಮ್ ವಾರಂಟಿ ಅಂತ ಹೇಳಿದ್ರಲ್ಲ, ಅದು ಮೊದಲನೇ ಓನರಿಗೆ ಮಾತ್ರ, ಎರಡನೇ ಓನರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಅಷ್ಟೇ. ಮಾರೋವ್ರು ಮಾತ್ರ ಲೈಫ್‌ಟೈಮ್ ವಾರಂಟಿ ಇದೆ ಅಂತಾನೇ ಹೇಳ್ತಿರ್ತಾರೆ. 8 ವರ್ಷನೂ ಕಮ್ಮಿ ಏನಲ್ಲ, ಆದ್ರೆ ನೀವು ರೇಟ್ ಕಟ್ಟೋವಾಗ ಈ ವ್ಯತ್ಯಾಸ ತಲೇಲಿರ್ಬೇಕು.

2. ವಾರಂಟಿ ಕೊಡ್ತಿರೋದು ಯಾರು

ಮೂರು ಥರ ಇರತ್ತೆ. ಒಂದು ಕಾರು ಮಾಡಿದ ಕಂಪನಿದು, ಅವ್ರ ಯಾವ ಸರ್ವೀಸ್ ಸೆಂಟರಲ್ಲಾದ್ರೂ ನಡಿಯತ್ತೆ, ಇದು ಸಿಕ್ರೆ ಇದೇ ಒಳ್ಳೇದು. ಎರಡನೇದು ಸೆಕೆಂಡ್ ಹ್ಯಾಂಡ್ ಕಾರು ಮಾರೋ ಡೀಲರ್ ಅಥವಾ ಆನ್‌ಲೈನ್ ಕಂಪನಿ ತಾವೇ ಕೊಡೋದು, ಅವ್ರು ಹೇಳಿದ ಗ್ಯಾರೇಜಲ್ಲಿ ಮಾತ್ರ. ಮೂರನೇದು ಹೊರಗಿನ ವಾರಂಟಿ ಕಂಪನಿದು, ಡೀಲರ್ ಬರೀ ಕಮಿಷನ್ನಿಗೆ ಮಾರ್ತಿರ್ತಾನೆ, ನಾಳೆ ಕ್ಲೈಮ್ ಬಂದಾಗ ಅವನು ನಂಗೂ ಅದಕ್ಕೂ ಸಂಬಂಧ ಇಲ್ಲ ಸಾರ್ ಅಂತಾನೆ. ಸರ್ಟಿಫಿಕೇಟ್ ಮೇಲೆ ಯಾರ ಹೆಸರಿದೆ, ಕ್ಲೈಮ್ ಪಾಸ್ ಮಾಡೋರು ಯಾರು, ದುಡ್ಡು ಕೊಡೋರು ಯಾರು, ಹಿಂದೆ ಇನ್ಶೂರೆನ್ಸ್ ಕಂಪನಿ ಏನಾದ್ರೂ ನಿಂತಿದ್ಯಾ, ಈ ನಾಲ್ಕಕ್ಕೆ ಉತ್ತರ ಬರವಣಿಗೆಯಲ್ಲಿ ಬೇಕು. ಡೀಲರ್ ತನ್ನ ಲೆಟರ್‌ಹೆಡ್ ಮೇಲೆ ಒಂದು ವರ್ಷ ಇಂಜಿನ್ ವಾರಂಟಿ ಅಂತ ಒಂದು ಲೈನ್ ಬರ್ದು ಸೀಲ್ ಹೊಡೆದು ಕೊಟ್ರೆ ಅದನ್ನ ವಾರಂಟಿ ಅಂತ ಲೆಕ್ಕಕ್ಕೆ ಇಟ್ಕೋಬೇಡಿ.

3. ಆ 14 ಪೇಜ್ ಓದಿ, ನಿಧಾನಕ್ಕೆ

ಇಲ್ಲೇ ಇರೋದು ಎಲ್ಲ, ಸ್ವಲ್ಪ ಉದ್ದ ಆಗತ್ತೆ ಬೇಜಾರ್ ಮಾಡ್ಕೋಬೇಡಿ.

ಮೊದಲು ಅದು ಯಾವ ಜಾತಿ ಕಾಗದ ನೋಡಿ. ಕೆಲವ್ರು ಕವರ್ ಆಗೋ ಪಾರ್ಟುಗಳ ಪಟ್ಟಿ ಕೊಟ್ಟಿರ್ತಾರೆ, ಅದರಲ್ಲಿ ಹೆಸರಿಲ್ಲದ್ದು ಯಾವುದೂ ಇಲ್ಲ ಅಂತ ಅರ್ಥ. ಇನ್ನು ಕೆಲವ್ರು ಕವರ್ ಆಗದೇ ಇರೋದರ ಪಟ್ಟಿ ಕೊಟ್ಟು ಉಳಿದಿದ್ದೆಲ್ಲ ಇದೆ ಅಂತಾರೆ. ಎರಡನೇದು ಯಾವಾಗ್ಲೂ ಮೇಲು. ಮೊದಲನೇ ಥರದ್ದಾದ್ರೆ ನಿಮ್ಮ ಗಾಡಿಯಲ್ಲಿ ದುಬಾರಿ ಪಾರ್ಟ್ ಯಾವುದೋ ಅದರ ಹೆಸರು ಪಟ್ಟಿಯಲ್ಲಿ ಇದ್ಯಾ ಅಂತ ಬೆರಳಿಟ್ಟು ಹುಡುಕಿ.

ಗೇರ್‌ಬಾಕ್ಸ್ ಕವರ್ ಆಗತ್ತೆ ಅನ್ನೋ ಮಾತನ್ನೇ ತಗೊಳಿ. ಭಾವನ ಪಿಡಿಎಫ್‌ನಲ್ಲಿ ಗೇರ್‌ಬಾಕ್ಸ್ ಅಂತ ಇತ್ತು, ಪಕ್ಕದಲ್ಲೇ ಸಣ್ಣಕ್ಷರದಲ್ಲಿ ಆಯಿಲ್‌ನಲ್ಲಿ ತೋಯ್ತಿರೋ ಒಳಗಿನ ಪಾರ್ಟುಗಳು ಮಾತ್ರ ಅಂತ ಅರ್ಥ ಬರೋ ಸಾಲಿತ್ತು. ಈಗ ಎಎಂಟಿ ಗಾಡಿ ಅಂದ್ರೆ ಏನು, ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದರ ಹೊರಗೆ ಕ್ಲಚ್ ಒತ್ತೋಕೆ ಗೇರ್ ಹಾಕೋಕೆ ಒಂದು ಆಕ್ಚುಯೇಟರ್ ಕೂರಿಸಿ, ಅದಕ್ಕೆ ಹೇಳೋಕೆ ಒಂದು ಕಂಟ್ರೋಲ್ ಯೂನಿಟ್ ಇಟ್ಟಿರ್ತಾರೆ. ಹೆಚ್ಚಾಗಿ ಕೈ ಕೊಡೋದು ಈ ಆಕ್ಚುಯೇಟರ್, ಒಳಗಿನ ಗೇರ್ ಹಲ್ಲು ಅಲ್ಲ. ಆಕ್ಚುಯೇಟರ್ ಇರೋದು ಹೊರಗೆ, ಅಂದ್ರೆ ಆ ಸಣ್ಣಕ್ಷರದ ಪ್ರಕಾರ ಅದು ಕವರ್ ಇಲ್ಲ. ಡಿಸಿಟಿ, ಅಂದ್ರೆ ಎರಡು ಕ್ಲಚ್ಚಿರೋ ಆಟೋಮ್ಯಾಟಿಕ್ ಆದ್ರೆ ಮೆಕಾಟ್ರಾನಿಕ್ ಯೂನಿಟ್ಟು (ಗೇರ್ ಬದಲಾಯಿಸೋ ಕಂಟ್ರೋಲ್ ಭಾಗ) ಮತ್ತೆ ಆ ಎರಡು ಕ್ಲಚ್ಚು, ಇದರಲ್ಲಿ ಕ್ಲಚ್ ಸವೆಯೋ ಪಾರ್ಟ್ ಅಂತ ಬಿಟ್ಟಿರ್ತಾರೆ, ಮೆಕಾಟ್ರಾನಿಕ್ ಹೆಸರು ಪ್ರತ್ಯೇಕವಾಗಿ ಇರ್ಬೇಕು. ಭಾವ ನೋಡಿದ್ದು ಎಎಂಟಿ. ಅವ್ರಿಗೆ ಇಷ್ಟು ಹೇಳಿದ್ದಕ್ಕೇ ಫೋನಲ್ಲಿ ಸುಮ್ನಾದ್ರು, ಯಾಕಂದ್ರೆ ಅವ್ರು ವಾರಂಟಿ ಬೇಕು ಅಂತಿದ್ದಿದ್ದೇ ಆ ಆಟೋಮ್ಯಾಟಿಕ್ ಗೇರ್ ಭಯಕ್ಕೆ.

ಆಮೇಲೆ ಸವೆಯೋ ಪಾರ್ಟುಗಳು. ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಡಿಸ್ಕು, ಟೈರು, ಬ್ಯಾಟರಿ, ವೈಪರ್, ಬಲ್ಬು, ಬೆಲ್ಟು, ಹೋಸ್‌ಪೈಪು, ರಬ್ಬರ್ ಬುಶ್ಶು, ಇವ್ಯಾವೂ ಯಾರೂ ಕೊಡಲ್ಲ, ಅದು ನ್ಯಾಯಾನೇ. ತೊಂದ್ರೆ ಇರೋದು ಶಾಕ್ ಅಬ್ಸಾರ್ಬರ್, ಸ್ಟೀರಿಂಗ್ ರ‍್ಯಾಕ್, ಇಂಜಿನ್ ಮೌಂಟ್, ವೀಲ್ ಬೇರಿಂಗ್ ಥರದ ಮಧ್ಯದವು, ಒಬ್ಬರು ಕೊಡ್ತಾರೆ ಇನ್ನೊಬ್ಬರು ಸವೆತ ಅಂತಾರೆ. ಐದಾರು ವರ್ಷದ ಗಾಡಿಯಲ್ಲಿ, ಅದೂ ನಮ್ಮೂರ ರೋಡಲ್ಲಿ ಓಡಿದ್ದರಲ್ಲಿ, ಖರ್ಚು ಬರೋದು ಹೆಚ್ಚಾಗಿ ಇವುಗಳಿಂದಾನೇ.

ಇನ್ನೊಂದು ಸಾಲು, ಒಂದು ಪಾರ್ಟ್ ಹೋಗಿ ಅದರಿಂದ ಇನ್ನೊಂದು ಹಾಳಾದ್ರೆ ಏನು ಅನ್ನೋದು. ಟೈಮಿಂಗ್ ಬೆಲ್ಟ್ ಕಿತ್ಕೊಂಡ್ರೆ ಎಷ್ಟೋ ಇಂಜಿನ್‌ಗಳಲ್ಲಿ ವಾಲ್ವ್ ಬಗ್ಗಿ ಹೋಗತ್ತೆ. ವಾಲ್ವ್ ಕವರ್ ಆಗತ್ತೆ, ಬೆಲ್ಟ್ ಕವರ್ ಆಗಲ್ಲ, ಶುರುವಾಗಿದ್ದು ಬೆಲ್ಟಿಂದ, ಹಾಗಾಗಿ ಪೂರ್ತಿ ಇಂಜಿನ್ ಕೆಲ್ಸ ನಿಮ್ಮ ತಲೆ ಮೇಲೆ. ಅದೇ ಥರ ವಾಟರ್ ಪಂಪ್ ಲೀಕ್ ಆಗಿ ಟೆಂಪರೇಚರ್ ಮೇಲೆ ಹೋದಾಗ ಮನೆ ಹತ್ರ ಬಂತಲ್ಲ ಅಂತ ಓಡಿಸ್ಕೊಂಡು ಬಂದು ಹೆಡ್ ಗ್ಯಾಸ್ಕೆಟ್ ಹೋದ್ರೆ, ಪಂಪ್ ಕೊಡ್ತಾರೆ, ಗ್ಯಾಸ್ಕೆಟ್ ಕೊಡಲ್ಲ. ದೀಪ ಹತ್ತಿದ ಮೇಲೂ ಓಡಿಸಿದ್ದು ನಿಮ್ಮ ತಪ್ಪು ಅಂತಾರೆ.

ದುಡ್ಡಿನ ಲಿಮಿಟ್ ಹುಡುಕಿ. ಒಂದು ಕ್ಲೈಮಿಗೆ ಎಷ್ಟು, ವರ್ಷಕ್ಕೆ ಒಟ್ಟು ಎಷ್ಟು, ಪ್ರತಿ ಸಲ ನೀವೆಷ್ಟು ಹಾಕ್ಬೇಕು, ಪಾರ್ಟ್ ಬೆಲೆಯಲ್ಲಿ ಗಾಡಿ ವಯಸ್ಸಿಗೆ ತಕ್ಕಂತೆ ಕಡಿತ ಇದ್ಯಾ, ಲೇಬರ್ ಸೇರತ್ತಾ, ಬಿಚ್ಚಿ ನೋಡೋ ಚಾರ್ಜ್ ಯಾರ್ದು. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದ ಮೇಲೆ ಇದು ಕವರ್ ಆಗಲ್ಲ ಅಂದ್ರೆ ಬಿಚ್ಚಿದ್ದಕ್ಕೂ ಮತ್ತೆ ಜೋಡಿಸೋಕೂ ನೀವೇ ಕೊಡ್ಬೇಕಾಗತ್ತೆ, ಈ ಒಂದು ಸಾಲು ಯಾವ ಹುಡುಗನೂ ಬಾಯಿಬಿಟ್ಟು ಹೇಳಲ್ಲ.

ವೇಟಿಂಗ್ ಪೀರಿಯಡ್ ನೋಡಿ, ತಗೊಂಡ ಮೊದಲ 15 ದಿನ ಅಥವಾ 30 ದಿನ ಕ್ಲೈಮ್ ಇಲ್ಲ ಅಂತ ಇರ್ಬೋದು. ತಗೊಳೋಕೆ ಮುಂಚೆನೇ ಇದ್ದ ರಿಪೇರಿ ಕವರ್ ಆಗಲ್ಲ ಅಂತ ಇದ್ದೇ ಇರತ್ತೆ. ಹೊರಗಡೆ ಹಾಕ್ಸಿದ ಸಿಎನ್‌ಜಿ ಕಿಟ್, ವೈರ್ ಕಟ್ ಮಾಡಿ ಕೂರ್ಸಿದ ಮ್ಯೂಸಿಕ್ ಸಿಸ್ಟಮ್ಮು ಹೆಡ್‌ಲೈಟು, ಬಾಡಿಗೆಗೆ ಓಡಿಸೋದು, ಮೀಟರ್ ತಿರುಗಿಸಿರೋದು, ಇವೆಲ್ಲ ಕ್ಲೈಮ್ ರದ್ದು ಮಾಡೋಕೆ ಸಾಕು. ಮೀಟರ್ ಹಿಂದಿನ ಓನರ್ ತಿರುಗಿಸಿದ್ರೂ ಅನುಭವಿಸೋದು ನೀವು.

4. ಈ ಗಾಡಿಗೆ ವಾರಂಟಿ ನಿಲ್ಲತ್ತಾ, ಗಾಡೀನೇ ಕೇಳಿ

ಓನರನ್ನ ಜೊತೆಗೆ ಕರ್ಕೊಂಡು ಕಂಪನಿ ಸರ್ವೀಸ್ ಸೆಂಟರಿಗೆ ಹೋಗಿ ಆ ನಂಬರಿನ ಸರ್ವೀಸ್ ಹಿಸ್ಟರಿ ಪ್ರಿಂಟ್ ತಗೊಳಿ. ಅದರಲ್ಲಿ ಎರಡು ಸಾಲು ನೋಡಿ, ತಾರೀಖು ಮತ್ತೆ ಕಿ.ಮೀ. 2021ರಲ್ಲಿ 48,000 ಇದ್ದಿದ್ದು 2023ರಲ್ಲಿ 41,000 ಆಗಿದ್ರೆ ಮಾತೇ ಇಲ್ಲ, ಎದ್ದು ಬನ್ನಿ. 30,000ಕ್ಕೆ ಸರ್ವೀಸ್ ಆಗಿ ಮುಂದಿನದು 58,000ಕ್ಕೆ ಆಗಿದ್ರೆ ಮಧ್ಯದಲ್ಲಿ ಹೊರಗಡೆ ಮಾಡ್ಸಿದಾರೆ ಅಂತ, ಅದಕ್ಕೆ ಬಿಲ್ ಇದ್ಯಾ ಕೇಳಿ. ದೆಹಲಿ ಕಡೆಯಿಂದ ಬಂದ ಗಾಡಿ ಆದ್ರೆ ಈ ಪ್ರಿಂಟ್ ಇಲ್ದೆ ಮುಂದಕ್ಕೆ ಹೋಗ್ಲೇಬೇಡಿ, ಅಲ್ಲಿ 10 ವರ್ಷದ ಡೀಸೆಲ್ 15 ವರ್ಷದ ಪೆಟ್ರೋಲ್ ಗಾಡಿ ಮೇಲೆ ನಿರ್ಬಂಧ ಬಂದಾಗಿಂದ ವಯಸ್ಸಾಗ್ತಿರೋ ಗಾಡಿಗಳನ್ನ ಕಮ್ಮಿ ರೇಟಿಗೆ ಬೇರೆ ರಾಜ್ಯಕ್ಕೆ ಕಳಿಸ್ತಾರೆ, ರೇಟ್ ನೋಡಿ ಆಸೆ ಆಗತ್ತೆ, ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡೋ ಒಪ್ಪಿಗೆ ಪತ್ರ), ಇಲ್ಲಿನ ಲೈಫ್ ಟ್ಯಾಕ್ಸ್ ಖರ್ಚು ಸೇರಿಸಿದ್ರೆ ನಿಜವಾದ ರೇಟ್ ಗೊತ್ತಾಗತ್ತೆ.

ಒಬಿಡಿ ಸ್ಕ್ಯಾನರ್ ಅಂತ ಬೆರಳುದ್ದದ ಬ್ಲೂಟೂತ್ ಡಬ್ಬಿ ಆನ್‌ಲೈನಲ್ಲಿ ಸಾವಿರ ರೂಪಾಯಿ ಆಚೀಚೆಗೆ ಸಿಗತ್ತೆ, ಸ್ಟೀರಿಂಗ್ ಕೆಳಗೆ ಒಂದು ಸಾಕೆಟ್ ಇರತ್ತೆ ಅಲ್ಲಿ ಚುಚ್ಚಿ ಮೊಬೈಲಲ್ಲಿ ನೋಡ್ಬೋದು. ಫಾಲ್ಟ್ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಟ್ಕೊಳ್ಳೋ ತೊಂದ್ರೆಯ ನಂಬರ್) ಇಲ್ಲ ಅಂತ ಬಂದ ತಕ್ಷಣ ಖುಷಿ ಪಡ್ಬೇಡಿ, ಕೋಡ್ ಅಳಿಸಿ ಎಷ್ಟು ಕಿ.ಮೀ. ಆಯ್ತು ಅಂತ ತೋರಿಸೋ ಜಾಗ ಒಂದಿರತ್ತೆ, ಅಲ್ಲಿ 12 ಕಿ.ಮೀ. ಅಂತಿದ್ರೆ ನೀವು ಬರ್ತೀರಾ ಅಂತ ಬೆಳಗ್ಗೆ ಅಳ್ಸಿದಾರೆ ಅಂತ ಅರ್ಥ. ನಾನು ಒಂದು ಗಾಡಿಯಲ್ಲಿ ಇದನ್ನೇ ನೋಡಿ ವಾಪಸ್ ಬಂದಿದೀನಿ.

ನೀರಲ್ಲಿ ಮುಳುಗಿದ ಗಾಡಿ ಅಲ್ವಾ ಅಂತನೂ ನೋಡಿ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಲ್ಲಿ ಔಟರ್ ರಿಂಗ್ ರೋಡು, ಸರ್ಜಾಪುರ ರೋಡ್ ಕಡೆ ಎಷ್ಟು ಕಾರು ನೀರಲ್ಲಿ ನಿಂತಿದ್ವು ಎಲ್ಲರೂ ಟಿವಿಯಲ್ಲಿ ನೋಡಿದೀವಿ. ಸೀಟ್ ಬೆಲ್ಟನ್ನ ಕೊನೆವರೆಗೂ ಎಳೀರಿ, ಯಾರೂ ತೊಳಿಯದ ಆ ಕೊನೇ ಒಂದಡಿಯಲ್ಲಿ ಕೆಸರಿನ ಗೆರೆ ಇರತ್ತೆ. ಸೀಟ್ ಕೆಳಗಿನ ಬೋಲ್ಟ್ ತುಕ್ಕು, ಮ್ಯಾಟ್ ಕೆಳಗಿನ ಕಾರ್ಪೆಟ್ ವಾಸನೆ. ಇಂಥ ಗಾಡಿಗೆ ವೈರಿಂಗ್ ತೊಂದ್ರೆ ವರ್ಷಗಟ್ಟಲೆ ಬರ್ತಾನೇ ಇರತ್ತೆ, ಯಾವ ವಾರಂಟಿನೂ ಕಾಪಾಡಲ್ಲ, ಗಾಡೀನೇ ಬೇಡ.

ಇಷ್ಟರ ಮೇಲೆ ನಂಬಿಕಸ್ಥ ಮೆಕ್ಯಾನಿಕ್ ಒಬ್ಬರಿಗೆ ಒಂದೆರಡು ಸಾವಿರ ಕೊಟ್ಟು ಲಿಫ್ಟ್ ಮೇಲೆ ಹಾಕಿ ತೋರಿಸಿ. ಅವ್ರ ಮಾತಿಗೆ ವಾರಂಟಿಗಿಂತ ಜಾಸ್ತಿ ಬೆಲೆ ಇದೆ.

5. ಲೆಕ್ಕ ಹಾಕಿ, ಕಾಗದ ಪೆನ್ನು ತಗೊಂಡು

ಭಾವನ ಉದಾಹರಣೆನೇ ಇರ್ಲಿ. ವಾರಂಟಿ ಬೆಲೆ 19,470. ಅದರಲ್ಲಿ ವರ್ಷದ ಒಟ್ಟು ಲಿಮಿಟ್ 50,000 ಇತ್ತು. 19,470ನ್ನ 50,000ದಿಂದ ಭಾಗಿಸಿದ್ರೆ 39 ಪರ್ಸೆಂಟ್ ಹತ್ರ ಬರತ್ತೆ. ಇದರರ್ಥ ಏನು, ಇಂಥ 10 ಗಾಡಿ ಇದ್ರೆ ಅದರಲ್ಲಿ 4 ಗಾಡಿ ಒಂದೇ ವರ್ಷದಲ್ಲಿ ಪೂರ್ತಿ 50,000ದ ರಿಪೇರಿಗೆ ಬಂದು ಅಷ್ಟೂ ಕ್ಲೈಮ್ ಪಾಸ್ ಆದ್ರೆ ಮಾತ್ರ ಕೊಟ್ಟ ದುಡ್ಡಿಗೆ ಸಮ. ನಿಮ್ಮ ಗಾಡಿ ಅಷ್ಟು ಕೆಟ್ಟದಾಗಿದೆ ಅಂತ ನಿಮಗೆ ಅನ್ಸಿದ್ರೆ ಅದನ್ನ ಯಾಕೆ ತಗೋತೀರಾ? ಅದೇ ಬೆಲೆಗೆ ಲಿಮಿಟ್ 2 ಲಕ್ಷ ಇದ್ರೆ 10 ಪರ್ಸೆಂಟಿಗಿಂತ ಕಮ್ಮಿ, ಹತ್ತರಲ್ಲಿ ಒಂದು ಗಾಡಿ. ಡಿಸಿಟಿ, ಟರ್ಬೊ, ಸನ್‌ರೂಫ್, ಕ್ಯಾಮೆರಾ, ಹತ್ತು ಥರ ಸೆನ್ಸರ್ ಇರೋ ಗಾಡಿಗೆ ಇದು ಯೋಚ್ನೆ ಮಾಡ್ಬೇಕಾದ ಲೆಕ್ಕ. ಅಂದ್ರೆ ರೇಟಿಗಿಂತ ಮುಂಚೆ ಲಿಮಿಟ್ ಕೇಳ್ಬೇಕು, ಎಲ್ಲರೂ ರೇಟಲ್ಲೇ ಚೌಕಾಸಿ ಮಾಡ್ತಾ ಕೂರ್ತಾರೆ.

ಆಮೇಲೆ ನಿಮ್ಮ ಗಾಡಿಯಲ್ಲಿ ಹೋದ್ರೆ ಕಣ್ಣಲ್ಲಿ ನೀರು ಬರಿಸೋ ಮೂರು ನಾಲ್ಕು ಪಾರ್ಟ್ ಬರ್ಕೊಳಿ. ಅವುಗಳ ರೇಟ್ ಸರ್ವೀಸ್ ಸೆಂಟರಿನ ಪಾರ್ಟ್ಸ್ ಕೌಂಟರಲ್ಲಿ ಕೇಳಿದ್ರೆ ಹೇಳ್ತಾರೆ, ಲೇಬರ್ ಅಡ್ವೈಸರನ್ನ ಕೇಳಿ. ಮ್ಯಾನ್ಯುಯಲ್ ಗೇರಿನ ಮಾಮೂಲಿ ಪೆಟ್ರೋಲ್ ಕಾರು, ಟರ್ಬೊ ಇಲ್ಲ, ಹಿಸ್ಟರಿ ಚೆನ್ನಾಗಿದೆ, ಪಾರ್ಟ್ಸ್ ತಾಲ್ಲೂಕು ಕೇಂದ್ರದಲ್ಲೂ ಸಿಗತ್ತೆ ಅಂದ್ರೆ ನನ್ನ ಅಭಿಪ್ರಾಯ ಖಡಾಖಂಡಿತವಾಗಿ ಬೇಡ ಅಂತಾನೇ. ಆ 19,470ನ್ನ ಬೇರೆ ಅಕೌಂಟಲ್ಲಿ ಹಾಕಿಟ್ಟು, ತಿಂಗಳಿಗೆ ಒಂದು ಸಾವಿರದ ಆರ್‌ಡಿ ಶುರು ಮಾಡಿ, ಕ್ಲಚ್ಚು ಟೈರು ಬ್ಯಾಟರಿ ಯಾವುದು ಹೋದ್ರೂ ಯಾರ ಪರ್ಮಿಷನ್ನೂ ಕೇಳ್ದೆ ರಿಪೇರಿ ಮಾಡಿಸ್ಬೋದು. ಏನೂ ಹೋಗಿಲ್ಲ ಅಂದ್ರೆ ದುಡ್ಡು ನಿಮ್ಮ ಹತ್ರಾನೇ ಇರತ್ತೆ.

ಆದ್ರೆ ಒಂದು ಮಾತು. ಕಾರು ತಗೊಂಡ ಮೇಲೆ ಕೈಯಲ್ಲಿ ಏನೂ ಉಳಿಯಲ್ಲ, ಅದೇ ಗಾಡಿಯಲ್ಲಿ ದಿನಾ ಡ್ಯೂಟಿಗೆ ಹೋಗ್ಬೇಕು ಅಥವಾ ಮನೇಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕಾದವ್ರು ಇದಾರೆ, ಅಂಥ ಹೊತ್ತಲ್ಲಿ 60,000 ಬಿಲ್ ಬಂದ್ರೆ ಸಾಲ ಮಾಡ್ಬೇಕಾಗತ್ತೆ ಅನ್ನೋ ಪರಿಸ್ಥಿತಿ ಇದ್ರೆ, ಲೆಕ್ಕದಲ್ಲಿ ಸ್ವಲ್ಪ ನಷ್ಟ ಅನ್ಸಿದ್ರೂ ಒಳ್ಳೆ ಕಂಡೀಷನ್ ಇರೋ ವಾರಂಟಿ ತಗೊಳೋದು ತಪ್ಪಲ್ಲ. ನಿದ್ದೆಗೂ ಬೆಲೆ ಇದೆ.

ಯಾವ ಕಾರಣಕ್ಕೂ ವಾರಂಟಿನ ಕಾರ್ ಲೋನಿಗೆ ಸೇರಿಸ್ಬೇಡಿ. ತಿಂಗಳಿಗೆ ಬರೀ 530 ರೂಪಾಯಿ ಸಾರ್ ಅಂತಾರೆ. 19,470ಕ್ಕೆ 14 ಪರ್ಸೆಂಟ್ ಬಡ್ಡಿ, 4 ವರ್ಷ ಅಂದ್ರೆ ತಿಂಗಳಿಗೆ ಸುಮಾರು 532, ಒಟ್ಟು ಕಟ್ಟೋದು 25,500ರ ಹತ್ರ. ವಾರಂಟಿ ಮುಗಿಯೋದು ಒಂದೇ ವರ್ಷಕ್ಕೆ, ಇಎಂಐ ಇನ್ನೂ ಮೂರು ವರ್ಷ ಬಾಕಿ ಇರತ್ತೆ.

6. ರಿಪೇರಿ ಎಲ್ಲಿ ಮಾಡ್ತಾರೆ

ನಾನಿರೋದು ಹಾಸನದಲ್ಲಿ. ನಮ್ಮ ಕಡೆಯವ್ರು ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರು ತರೋದು ಮಾಮೂಲು, ಆಯ್ಕೆ ಜಾಸ್ತಿ ಇರತ್ತೆ. ಆದ್ರೆ ವಾರಂಟಿ ಗ್ಯಾರೇಜುಗಳ ಪಟ್ಟಿ ನೋಡಿದ್ರೆ ಬೆಂಗಳೂರಲ್ಲಿ ಏಳೆಂಟು, ಮೈಸೂರಲ್ಲಿ ಒಂದು, ಹಾಸನ ಚಿಕ್ಕಮಗಳೂರು ಸಕಲೇಶಪುರ ಇಲ್ಲವೇ ಇಲ್ಲ. ಶಿರಾಡಿ ಘಾಟಿಯಲ್ಲಿ ಗಾಡಿ ನಿಂತ್ರೆ ಅಲ್ಲಿಂದ ಬೆಂಗಳೂರಿಗೆ 200 ಕಿ.ಮೀ.ಗಿಂತ ಜಾಸ್ತಿ, ಟೋಯಿಂಗ್ 50 ಕಿ.ಮೀ.ವರೆಗೆ ಮಾತ್ರ ಫ್ರೀ ಅಂತಿದ್ರೆ ಉಳಿದಿದ್ದಕ್ಕೆ ಕೊಡೋ ದುಡ್ಡಲ್ಲಿ ಇಲ್ಲೇ ಆಲ್ಟರ್ನೇಟರ್ ರಿಪೇರಿ ಆಗ್ತಿತ್ತು. ಪಟ್ಟಿಯಲ್ಲಿ ನಿಮ್ಮೂರಿಗೆ ಹತ್ತಿರದ ಗ್ಯಾರೇಜ್ ನಂಬರ್ ತಗೊಂಡು ಸುಮ್ನೆ ಒಂದು ಫೋನ್ ಮಾಡಿ, ಈ ವಾರಂಟಿಯಲ್ಲಿ ಕೆಲ್ಸ ಮಾಡ್ತೀರಾ, ಅಪ್ರೂವಲ್‌ಗೆ ಎಷ್ಟು ದಿನ ಹಿಡಿಯತ್ತೆ, ಅವ್ರು ದುಡ್ಡು ಸರಿಯಾಗಿ ಕೊಡ್ತಾರಾ ಅಂತ. ಕೆಲ್ಸ ಮಾಡೋ ಮೆಕ್ಯಾನಿಕ್ಕಿಗೆ ಸೇಲ್ಸ್ ಟಾರ್ಗೆಟ್ ಇರಲ್ಲ, ಇದ್ದಿದ್ದು ಇದ್ದಂಗೆ ಹೇಳ್ತಾರೆ. ಕೆಲವ್ರು ಆ ವಾರಂಟಿ ನಾವು ಬಿಟ್ಟು ವರ್ಷ ಆಯ್ತು ಅಂತ ಹೇಳಿದ್ದೂ ಇದೆ.

7. ಇನ್ಶೂರೆನ್ಸ್ ಬೇರೆ, ವಾರಂಟಿ ಬೇರೆ

ಮಳೆಯಲ್ಲಿ ಅಂಡರ್‌ಪಾಸಿಗೆ ನುಗ್ಗಿ ಇಂಜಿನ್ನಿಗೆ ನೀರು ಹೋಗಿ ಹಿಡ್ಕೊಂಡ್ರೆ ವಾರಂಟಿ ಕೊಡಲ್ಲ, ಮಾಮೂಲಿ ಕಾಂಪ್ರಹೆನ್ಸಿವ್ ಇನ್ಶೂರೆನ್ಸೂ ಸಾಮಾನ್ಯವಾಗಿ ಇಂಜಿನ್ ಒಳಗಿನದಕ್ಕೆ ಕೊಡಲ್ಲ, ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಬೇಕು. ಅದೂ ನೀರಲ್ಲಿ ನಿಂತ ಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ರೆ ತಕರಾರು ತೆಗೀತಾರೆ, ನಿಂತ್ರೆ ತಳ್ಳಿ, ಕೀ ತಿರುಗಿಸ್ಬೇಡಿ. ಬೆಂಗಳೂರಲ್ಲಿ, ಮಂಗಳೂರಲ್ಲಿ ಓಡಿಸೋರಿಗೆ ದುಡ್ಡು ಒಂದಕ್ಕೆ ಮಾತ್ರ ಇದೆ ಅಂದ್ರೆ ನಾನು ಮೊದಲು ಈ ಆಡ್-ಆನ್ ಹಾಕ್ಸಿ ಅಂತೀನಿ. ಹಾಗೇ ಗಾಡಿ ತಗೊಂಡ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಪಾಲಿಸಿ ನಿಮ್ಮ ಹೆಸರಿಗೆ ಮಾಡ್ಸಿ, ಇಲ್ದಿದ್ರೆ ನಿಮ್ಮ ಗಾಡಿಗೆ ಆದ ಡ್ಯಾಮೇಜಿಗೆ ಕ್ಲೈಮ್ ಬರೋದು ಕಷ್ಟ.

8. ತಗೊಳೋದು ಅಂತಾದ್ರೆ

ಇವತ್ತೇ ಹೇಳ್ಬೇಕು ಅನ್ನೋದಕ್ಕೆ ಬಗ್ಬೇಡಿ, ಗಾಡಿ ರೇಟಿಂದ ವಾರಂಟಿ ಬೇರೆ ಮಾಡಿ ಬಿಲ್ ಕೇಳಿ. ಎಷ್ಟೋ ಸಲ ವಾರಂಟಿ ಬೇಡ, ಗಾಡಿ ರೇಟಲ್ಲೇ 10,000 ಕಮ್ಮಿ ಮಾಡಿ ಅಂದ್ರೆ ಒಪ್ಕೋತಾರೆ. ಸರ್ಟಿಫಿಕೇಟಲ್ಲಿ ಚಾಸಿಸ್ ನಂಬರ್, ಶುರುವಾಗೋ ತಾರೀಖು, ಅವತ್ತಿನ ಕಿ.ಮೀ. ಆರ್‌ಸಿಗೂ ಮೀಟರಿಗೂ ಸರಿಯಾಗಿದ್ಯಾ ನೋಡಿ, ಮೀಟರ್ ಫೋಟೋ ತೆಗೆದಿಡಿ. ಬಾಯಲ್ಲಿ ಹೇಳಿದ ಮಾತು, ಉದಾಹರಣೆಗೆ ಆಕ್ಚುಯೇಟರ್ ಕವರ್ ಆಗತ್ತೆ ಅಂದ್ರೆ, ಅದನ್ನೇ ವಾಟ್ಸಾಪಲ್ಲಿ ಬರ್ದು ಕಳಿಸಿ ಅನ್ನಿ. ಕಳಿಸ್ಲಿಲ್ಲ ಅಂದ್ರೆ ಕವರ್ ಆಗಲ್ಲ ಅಂತಾನೇ ತಿಳ್ಕೊಳಿ.

ತಗೊಂಡ ದಿನದಿಂದ ಒಂದು ಫೈಲ್ ಇಡಿ. ನಮ್ಮ ಚಿಕ್ಕಪ್ಪನ ಮಗಂದು ಡಿಸಿಟಿ ಗಾಡಿ, ಮೆಕಾಟ್ರಾನಿಕ್ ಹೋಗಿ ಲಕ್ಷ ದಾಟಿದ ಎಸ್ಟಿಮೇಟ್ ಬಂತು, ಅವನ ಕ್ಲೈಮ್ ಆರೇ ದಿನಕ್ಕೆ ಪಾಸ್ ಆಯ್ತು. ಅವನ ಹತ್ರ ಒಂದು ನೀಲಿ ಫೈಲ್ ಇದೆ, ಮೊದಲನೇ ಓನರ್ ಕಾಲದಿಂದ ಪ್ರತಿ ಸರ್ವೀಸಿನ ಬಿಲ್ಲು, ಮೇಲೆ ಪೆನ್ಸಿಲ್ಲಲ್ಲಿ ಮುಂದಿನ ಸರ್ವೀಸ್ ತಾರೀಖು, ಆಯಿಲ್ ಗ್ರೇಡ್ ಸಮೇತ. ಸರ್ವೀಸ್ ಅಡ್ವೈಸರ್ ಒಂದೊಂದೇ ಸ್ಕ್ಯಾನ್ ಮಾಡಿ ಕಳಿಸಿದ್ರು, ಕೇಳೋಕೆ ಅವ್ರಿಗೆ ಏನೂ ಉಳೀಲಿಲ್ಲ. ನಾನು ಅವತ್ತೇ ಮೊಬೈಲಲ್ಲಿ 11 ತಿಂಗಳಿಗೆ ಒಂದು ರಿಮೈಂಡರ್ ಇಟ್ಕೊಂಡೆ.

ಏನಾದ್ರೂ ಹೋದ್ರೆ ಮೊದಲು ಗಾಡಿ ನಿಲ್ಲಿಸಿ, ಮೀಟರಿನ ದೀಪಗಳ ಫೋಟೋ ವಿಡಿಯೋ ತಗೊಳಿ, ವಾರಂಟಿಯವ್ರಿಗೆ ಫೋನ್ ಮಾಡಿ ಕ್ಲೈಮ್ ನಂಬರ್ ಇಸ್ಕೊಳಿ, ಅಪ್ರೂವಲ್ ಬರೋವರೆಗೂ ಯಾರಿಗೂ ಬಿಚ್ಚೋಕೆ ಬಿಡ್ಬೇಡಿ. ಬದಲಾಯಿಸಿದ ಹಳೇ ಪಾರ್ಟ್ ಬಿಸಾಕ್ಬೇಡಿ. ಜಾಬ್ ಕಾರ್ಡಲ್ಲಿ ಅಡ್ವೈಸರ್ ಏನ್ ಬರೀತಾರೆ ಅಂತ ಪಕ್ಕದಲ್ಲೇ ನಿಂತು ಓದಿ, ಕಸ್ಟಮರ್ ಹೇಳಿದ ಪ್ರಕಾರ ಒಂದು ತಿಂಗಳಿಂದ ಸೌಂಡ್ ಬರ್ತಿದೆ ಅಂತ ಒಂದು ಸಾಲು ಸುಮ್ನೆ ಬರ್ದಿದ್ರೂ ಅದನ್ನೇ ಹಿಡ್ಕೊಂಡು ಹಳೇ ತೊಂದ್ರೆ ಅಂತ ರಿಜೆಕ್ಟ್ ಮಾಡ್ತಾರೆ.

ರಿಜೆಕ್ಟ್ ಆದ್ರೆ ಯಾವ ಕಂಡೀಷನ್ ಪ್ರಕಾರ ಅಂತ ಇಮೇಲಲ್ಲೇ ಉತ್ತರ ಕೇಳಿ. ಅದು ನ್ಯಾಯ ಅಲ್ಲ ಅನ್ಸಿದ್ರೆ 1915ಕ್ಕೆ ಫೋನ್ ಮಾಡಿ ದೂರು ಕೊಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗ್ಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯಲ್ಲೇ ಕೇಸ್ ಹಾಕ್ಬೋದು, ವಾರಂಟಿ ಕಂಪನಿ ಆಫೀಸ್ ಮುಂಬೈಯಲ್ಲಿದ್ರೂ ನಾನು ಹಾಸನದಲ್ಲೇ ಹಾಕ್ಬೋದು, ನೀವು ಕೊಟ್ಟ ಮೊತ್ತ 5 ಲಕ್ಷದವರೆಗಿದ್ರೆ ಫೀಸ್ ಇಲ್ಲ, ತೊಂದ್ರೆ ಆದ ಎರಡು ವರ್ಷದೊಳಗೆ ಹಾಕ್ಬೇಕು, ವಕೀಲರು ಇರ್ಲೇಬೇಕು ಅಂತಿಲ್ಲ. ಆಗ ಕೈಗೆ ಬೇಕಾಗೋದು ಆ ಫೈಲು, ರಿಜೆಕ್ಟ್ ಮಾಡಿದ ಇಮೇಲು, ಮತ್ತೆ ಸೇಲ್ಸ್ ಹುಡುಗನ ವಾಟ್ಸಾಪ್ ಮೆಸೇಜು.

ಭಾವ ಕೊನೆಗೆ ಆ ಹುಡುಗನಿಗೆ ಆಕ್ಚುಯೇಟರ್ ಕವರ್ ಆಗತ್ತೆ ಅಂತ ಬರ್ದು ಕಳಿಸು ಅಂದ್ರು. ಮ್ಯಾನೇಜರನ್ನ ಕೇಳಿ ಹೇಳ್ತೀನಿ ಅಂದವನು ಎರಡು ದಿನ ಆದ್ರೂ ಕಳಿಸ್ಲಿಲ್ಲ. ವಾರಂಟಿ ಬಿಟ್ಟು, ರೇಟಲ್ಲಿ 8,000 ಇಳಿಸ್ಕೊಂಡು ಗಾಡಿ ತಗೊಂಡ್ರು, ನಾಳೆ ಭಾನುವಾರ ಮನೆಗೆ ತರ್ತಿದಾರೆ, ಸರ್ವೀಸ್ ಬಿಲ್ ಹಾಕೋಕೆ ನಾನೊಂದು ಫೈಲ್ ತಂದಿಟ್ಟಿದೀನಿ.